ಬೋನಿಗೆ ಏನು ಹಾಸುವುದು

ಯಾರೂ ನನ್ನ ಮೇಲೆ ಅನುಮಾನಪಡದೆ ಒಂದು ವಾರ ಕಳೆದ ನೆನಪು ನನಗಿಲ್ಲ. ಬಹ್ರೈನಿನಲ್ಲಿ ನಾನು ಮಾಡುವ ಕೆಲಸವೇ ಅಂಥದ್ದು. ಜಿರಲೆ, ಇಲಿ, ತಿಗಣೆ ಓಡಿಸುವ ಕಂಪನಿಯಲ್ಲಿ ಸೂಪರ್‌ವೈಸರ್. ಔಷಧ ಹೊಡೆದ ಮೇಲೂ ಜಿರಲೆ ಕಂಡರೆ "ಔಷಧಕ್ಕೆ ನೀರು ಬೆರೆಸಿದ್ದೀರಿ" ಅನ್ನುತ್ತಾರೆ. ಕಾಣದಿದ್ದರೆ "ಮೊದಲೂ ಇರಲಿಲ್ಲ, ನೀವು ಸುಮ್ಮನೆ ಬಂದು ಹೋದಿರಿ" ಅನ್ನುತ್ತಾರೆ. ಸೀಫ್ ಬಡಾವಣೆಯ ಒಂದು ಆಫೀಸಿನಲ್ಲಿ ಇಲಿಗೆಂದು ಅಂಟಿನ ಹಲಗೆ ಇಟ್ಟು ಬಂದಿದ್ದೆ. ಮರುದಿನ ಅದರಲ್ಲಿ ನಿಜವಾಗಿಯೂ ಒಂದು ಇಲಿ ಸಿಕ್ಕಿತು. ಅಲ್ಲಿಯ ಮೇಡಂ ಫೋನ್ ಮಾಡಿ, "ನಮ್ಮ ಆಫೀಸಿನಲ್ಲಿ ಇಲಿಯೇ ಇಲ್ಲ. ಇದನ್ನು ನೀವೇ ತಂದು ಅಂಟಿಸಿ ಹೋಗಿದ್ದೀರಿ" ಅಂದರು. ನಾನು ಬ್ಯಾಗಿನಲ್ಲಿ ಇಲಿ ಇಟ್ಟುಕೊಂಡು ತಿರುಗುವ ಮನುಷ್ಯನಲ್ಲ ಎಂದು ಹೇಗೆ ಸಾಬೀತು ಮಾಡುವುದೋ ಇವತ್ತಿಗೂ ಗೊತ್ತಾಗಿಲ್ಲ.

ಆದರೂ ಅನುಮಾನದ ವಿಷಯದಲ್ಲಿ ಹಾಜಿಯವರ ಹತ್ತಿರಕ್ಕೆ ಬರುವವರು ಯಾರೂ ಇಲ್ಲ. ಹಾಜಿ ಇಲ್ಲಿಯವರೇ, ಹಿರಿಯರು. ಮನಾಮದಲ್ಲಿ ಅವರ ಕೆಲವು ಬಾಡಿಗೆ ಕಟ್ಟಡಗಳಿವೆ. ಅವಕ್ಕೆಲ್ಲ ಔಷಧ ಹೊಡೆಯುವ ಕಾಂಟ್ರಾಕ್ಟ್ ನಮ್ಮ ಕಂಪನಿಯದು, ಅದನ್ನು ನೋಡಿಕೊಳ್ಳುವವನು ನಾನು. ಹಮದ್ ಟೌನಿನ ಕೊನೆಯ ರೌಂಡ್ ಅಬೌಟ್ ದಾಟಿ ಹೋದರೆ ಅವರದೊಂದು ಖರ್ಜೂರದ ತೋಟ. ತೋಟದಲ್ಲಿ ಬಾತುಕೋಳಿಗಳು. ಆ ವರ್ಷ ಚಳಿ ಶುರುವಾದಾಗಿನಿಂದ ಒಂದು ಕಂದು ಬಣ್ಣದ ಬೀದಿನಾಯಿ ಬಂದು ಬಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿತ್ತು.

ಹಾಜಿ ನಮ್ಮ ಮ್ಯಾನೇಜರಿಗೆ ಹೇಳಿ ಕಳಿಸಿದರು: ವಿಷ ಇಡಬಾರದು, ಗುಂಡು ಹೊಡೆಯಬಾರದು, ಜೀವಂತ ಹಿಡಿಯಬೇಕು. ಫೆಬ್ರವರಿ ಮುಗಿಯುವುದರೊಳಗೆ ನಾಯಿ ಸಿಕ್ಕರೆ ಕಟ್ಟಡಗಳ ಕಾಂಟ್ರಾಕ್ಟ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಖಲಾಸ್.

ಮ್ಯಾನೇಜರ್ ನನ್ನನ್ನು ಕರೆದು, "ಹಾಜಿ ರಿನ್ಯೂ ಮಾಡಿದ್ರೆ ನಿಮ್ಮ ವೀಸಾನೂ ರಿನ್ಯೂ. ಹಾಜಿ ಹೋದ್ರೆ ನನ್ ಕೈಲಿ ಏನೂ ಇಲ್ಲ ರೀ" ಅಂದರು. ನನ್ನ ಮಗಳು ಈಸಾ ಟೌನಿನ ಇಂಡಿಯನ್ ಸ್ಕೂಲಿನಲ್ಲಿ ಹತ್ತನೆಯ ಕ್ಲಾಸು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನನ್ನ ವೀಸಾ ಹೋದರೆ ಅವಳು ಪುಸ್ತಕ ಮಡಚಿ ನನ್ನ ಜೊತೆ ವಿಮಾನ ಹತ್ತಬೇಕು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಲಿಯನ್ನು ಹಿಡಿದು ಗೊತ್ತಿತ್ತೇ ಹೊರತು ನಾಯಿಯನ್ನು ನಾನು ಯಾವತ್ತೂ ಹಿಡಿದವನಲ್ಲ.

ಮೊದಲು ಮರಳು

ನಮ್ಮ ಮ್ಯಾನೇಜರ್ ಬೆಂಗಳೂರಿನವರು. ಸೀಫ್‌ನ ನಮ್ಮ ಕಂಪನಿ ಆಫೀಸಿನಲ್ಲಿ ಎ.ಸಿ. ಹಾಕಿಕೊಂಡು ಇಂಟರ್ನೆಟ್ ನೋಡಿ ಎಲ್ಲವನ್ನೂ ಕಲಿತವರು. ಮರುದಿನವೇ ಒಂದಷ್ಟು ಪ್ರಿಂಟ್ ತೆಗೆದು ನನ್ನ ಮುಂದೆ ಹಾಕಿದರು.

"ಕಾಯೋಟಿ ಅಂತ ಅಮೆರಿಕದಲ್ಲಿ ಒಂದು ಪ್ರಾಣಿ ಇದೆ ರೀ. ನಮ್ಮ ನರಿ, ತೋಳ ಇವುಗಳ ಕಸಿನ್. ಭಾರೀ ಅನುಮಾನದ ಪ್ರಾಣಿ. ಚಳಿಗಾಲದಲ್ಲಿ ಅದನ್ನ ಹಿಡಿಯೋರು ಟ್ರ್ಯಾಪ್ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ. ಟ್ರ್ಯಾಪ್ ಮೇಲೆ ಏನು ಹಾಸ್ಬೇಕು ಅನ್ನೋದೇ ದೊಡ್ಡ ಸೈನ್ಸ್. ಕಾಲಿಟ್ರೆ ಅಲುಗಾಡಬಾರದು, ಸದ್ದಾಗಬಾರದು, ವಾಸನೆ ಬರಬಾರದು, ಐಸ್ ಕಟ್ಟಬಾರದು."

ನನ್ನ ಜೊತೆ ನಮ್ಮ ವ್ಯಾನಿನ ಡ್ರೈವರ್ ನಿಂತಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ. ಅವನು ಮೆಲ್ಲಗೆ, "ಇಲ್ಲಿ ಐಸ್ ಇರುವುದು ಫ್ರಿಡ್ಜಿನಲ್ಲಿ ಮಾತ್ರ ಅಲ್ವಾ ಸಾರ್" ಅಂದ. ಮ್ಯಾನೇಜರ್ ಮುಂದಿನ ಪ್ರಿಂಟ್ ಎತ್ತಿಕೊಂಡರು.

ನಮ್ಮ ಹತ್ತಿರ ಇದ್ದದ್ದು ಉದ್ದನೆಯ ಕಬ್ಬಿಣದ ಬೋನು. ಒಳಗೆ ನಡುವಿನಲ್ಲಿ ಒಂದು ತಟ್ಟೆ, ಆಚೆ ತುದಿಯಲ್ಲಿ ಕೋಳಿ ಮಾಂಸ. ಮಾಂಸದ ಆಸೆಗೆ ನಾಯಿ ಒಳಗೆ ಹೋಗಿ ತಟ್ಟೆಯನ್ನು ಮೆಟ್ಟಿದರೆ ಹಿಂದೆ ಬಾಗಿಲು ಬೀಳುತ್ತದೆ. ಆದರೆ ಬರೀ ಕಬ್ಬಿಣದ ಮೇಲೆ ನಾಯಿ ಕಾಲಿಡುವುದಿಲ್ಲ. ತಟ್ಟೆ ಕಾಣದ ಹಾಗೆ ಮೇಲೆ ಏನಾದರೂ ಹಾಸಬೇಕು.

ಬಹ್ರೈನಿನಲ್ಲಿ ಹಾಸುವುದಕ್ಕೆ ಮರಳಿಗಿಂತ ಸುಲಭದ್ದು ಯಾವುದಿದೆ? ಮನೆಯಿಂದ ಹಿಟ್ಟಿನ ಜರಡಿ ತಂದು ತೋಟದ ಮರಳನ್ನೇ ನುಣ್ಣಗೆ ಜರಡಿ ಹಿಡಿದೆ. ಬೋನಿನ ನೆಲಕ್ಕೆ ಒಪ್ಪವಾಗಿ ಹಾಸಿ ಬಂದೆವು. ನಾನು ಮರೆತದ್ದು ಒಂದು. ಅಲ್ಲಿಯ ಮರಳಿನಲ್ಲಿ ಉಪ್ಪಿದೆ, ಜನವರಿಯ ರಾತ್ರಿಗಳಲ್ಲಿ ಇಬ್ಬನಿ ಸುರಿಯುತ್ತದೆ. ಎರಡೂ ಸೇರಿದರೆ ಮರಳು ಗಾರೆ ಹಾಕಿದ ಹಾಗೆ ಗಟ್ಟಿಯಾಗುತ್ತದೆ.

ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲು ತೆರೆದೇ ಇದೆ. ಮಾಂಸ ಇಲ್ಲ. ತಟ್ಟೆಯ ಮೇಲೆ, ಸರಿಯಾಗಿ ನಡುವಿನಲ್ಲಿ, ನಾಯಿ ಸುರುಳಿ ಸುತ್ತಿ ಮಲಗಿದ ದುಂಡನೆಯ ಗುರುತು. ನಾನು ಹತ್ತಿ ಕುಣಿದರೂ ತಟ್ಟೆ ಅಲುಗಾಡಲಿಲ್ಲ.

ಹಾಜಿ ಜಪಮಣಿ ತಿರುಗಿಸುತ್ತಾ ಬಂದು ನೋಡಿದರು. ಅವರು ಮಾತಾಡುವುದು ಅರ್ಧ ಅರಬ್ಬಿ, ಅರ್ಧ ಹಿಂದಿ. ನಾನು ಕನ್ನಡದಲ್ಲೇ ಬರೆಯುತ್ತೇನೆ.

"ಯಾ ಸದೀಖ್, ಗೆಳೆಯಾ, ಊಟ ಕೊಟ್ಟಿದ್ದೀಯ. ಮಲಗಲು ಜಾಗ ಕೊಟ್ಟಿದ್ದೀಯ. ಹೋಗಿ ಬರಲು ಬಾಗಿಲು ತೆರೆದಿಟ್ಟಿದ್ದೀಯ. ನನ್ನ ಕಟ್ಟಡದಲ್ಲಾದರೆ ಇದಕ್ಕೆಲ್ಲ ಬಾಡಿಗೆ ಕೇಳುತ್ತೇನೆ."

ಹಾಜಿಯ ಬುಖೂರ್

ಗಟ್ಟಿಯಾದ ಮರಳನ್ನು ಹಾರೆಯಿಂದ ಎಬ್ಬಿಸಿ ಪಂಪ್ ರೂಮಿನ ಹಿಂದೆ ಸುರಿದೆವು. ಖರ್ಜೂರದ ಬುಡಕ್ಕೆ ಏನನ್ನೂ ಹಾಕಬಾರದೆಂದು ಹಾಜಿಯವರ ಕಟ್ಟಪ್ಪಣೆ. ಹಾಗಾಗಿ ಬೇಡವಾದದ್ದೆಲ್ಲ ಪಂಪ್ ರೂಮಿನ ಹಿಂದೆಯೇ.

ಎರಡನೆಯ ಸಲ ಮರದ ಹುಡಿ. ಡ್ರೈವರನ ಗುರುತಿನ ಒಬ್ಬ ಬಡಗಿ ಈಸಾ ಟೌನಿನ ಮಾರ್ಕೆಟಿನ ಹತ್ತಿರ ಇದ್ದಾನೆ. ಅವನಲ್ಲಿಂದ ಗೋಣಿ ತುಂಬಾ ತಂದೆವು. ಗಟ್ಟಿಯಾಗುವುದಿಲ್ಲ, ಸದ್ದಿಲ್ಲ, ಮೆತ್ತಗಿದೆ. ತೊಂದರೆ ಅಂದರೆ ವಾರ್ನಿಶ್ ವಾಸನೆ.

ಬೋನು ಇದ್ದದ್ದು ತೋಟದ ಮಜ್ಲಿಸ್ ಪಕ್ಕದಲ್ಲಿ. ಅತಿಥಿಗಳನ್ನು ಕೂರಿಸುವ ಕೋಣೆ ಅದು. ಶುಕ್ರವಾರ ಹಾಜಿಯ ನೆಂಟರು ಬರುವವರಿದ್ದರು. ಇಲ್ಲಿಯವರಿಗೆ ಮನೆಗೆ ಜನ ಬಂದರೆ ಬುಖೂರ್ ಹಾಕಲೇಬೇಕು. ಕೆಂಡದ ಮೇಲೆ ಸುಗಂಧದ ಮರದ ಚೂರು ಇಟ್ಟು ಎಲ್ಲರ ಬಟ್ಟೆಗೂ ಹೊಗೆ ಹಿಡಿಯುತ್ತಾರೆ. ವಾರ್ನಿಶ್ ವಾಸನೆಯ ಬೋನಿನ ಪಕ್ಕ ನೆಂಟರನ್ನು ಕೂರಿಸುವುದು ಹಾಜಿಗೆ ಮರ್ಯಾದೆಯ ಪ್ರಶ್ನೆಯಾಯಿತು. ನಾವು ಬೇಡ ಬೇಡ ಅನ್ನುತ್ತಿದ್ದಂತೆ ಅವರೇ ಧೂಪದ ಪಾತ್ರೆ ತಂದು ಗೋಣಿಯೊಳಗೆ ಹೊಗೆ ಹಿಡಿದರು. ಆಮೇಲೆ ಬೋನಿಗೆ. ಆಮೇಲೆ, ಪಕ್ಕದಲ್ಲೇ ನಿಂತಿದ್ದೇವೆಂದು, ನನಗೂ ಡ್ರೈವರನಿಗೂ.

ಶನಿವಾರ ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಡ್ರೈವರ್ ವ್ಯಾನಿನಿಂದಲೇ ಕಂಡು, "ಸಿಕ್ಕಿತು ಮಾರಾಯ್ರೆ" ಅಂದ. ಓಡಿ ಹೋದೆವು. ಒಳಗೆ ಹಾಜಿಯವರ ಅತ್ಯಂತ ಪ್ರೀತಿಯ ಬಾತು, ಪರಿಮಳದ ಹುಡಿಯಲ್ಲಿ ಗೂಡು ಮಾಡಿಕೊಂಡು ಕೂತಿತ್ತು. ಎಬ್ಬಿಸಲು ಹೋದರೆ ಕಚ್ಚಲು ಬಂತು.

ಹಾಜಿ ಬಾತನ್ನು ನೋಡಿದರು, ನನ್ನನ್ನು ನೋಡಿದರು. "ಓಹೋ. ಇಷ್ಟು ದಿನ ಬಾತು ಹೋಗುತ್ತಿದ್ದದ್ದು ಹೀಗೋ" ಅಂದರು. ನೆಟ್ಟಗೆ ನಮ್ಮ ವ್ಯಾನಿಗೆ ನಡೆದು, ಸೀಟಿನ ಮೇಲಿದ್ದ ಡ್ರೈವರನ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

"ಕೋಳಿ, ಹಾಜಿ" ಅಂದ ಡ್ರೈವರ್. "ಮನೆಯಲ್ಲಿ ಮಾಡಿದ ಕೋಳಿ ಸುಕ್ಕ."

ಹಾಜಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಜಗಿದರು. ನಂಬಿಕೆ ಬರಲಿಲ್ಲವೆಂದು ಇನ್ನೊಂದು ತುಂಡು. ಡಬ್ಬಿ ಮುಗಿಯುವ ತನಕ ಅವರಿಗೆ ನಂಬಿಕೆ ಬರಲೇ ಇಲ್ಲ.

ಚಾಹುಡಿ

ಮೂರನೆಯದು ಮ್ಯಾನೇಜರರ ಐಡಿಯಾ. ಅಮೆರಿಕದವರು ಯಾವುದೋ ಒಣಗಿದ ಸೊಪ್ಪಿನ ಪುಡಿ ಹಾಸುತ್ತಾರಂತೆ. "ಅದಕ್ಕೆ ನಿಯರೆಸ್ಟ್ ಅಂದ್ರೆ ಕುದಿಸಿ ಬಿಟ್ಟ ಟೀ ಪುಡಿ ರೀ" ಅಂದರು.

ಮನಾಮದಲ್ಲಿ ನಮ್ಮ ಊರ ಕಡೆಯವರದೇ ಒಂದು ಹೋಟೆಲು. ದಿನಕ್ಕೆ ಎಷ್ಟು ಚಾ ಹೋಗುತ್ತದೋ ಲೆಕ್ಕವಿಲ್ಲ. ಕೇಳಿದ ಕೂಡಲೇ ಮಾಲೀಕರು, "ಬಿಸಾಡುವುದು, ತಕೊಂಡು ಹೋಗಿ" ಅಂದರು. ದಿನಾ ಸಂಜೆ ನಮ್ಮ ವ್ಯಾನು ಹೋಟೆಲಿನ ಹಿಂಬಾಗಿಲಿಗೆ ಹೋಗುವುದು, ಗೋಣಿ ಹೇರಿಕೊಂಡು ಬರುವುದು ಶುರುವಾಯಿತು. ವ್ಯಾನಿನ ಎರಡೂ ಬದಿಗೆ ಅಂಗಾತ ಬಿದ್ದ ದೊಡ್ಡ ಜಿರಲೆಯ ಚಿತ್ರವಿದೆ. ನಾಲ್ಕು ದಿನಕ್ಕೇ ಮಾಲೀಕರ ಫೋನ್ ಬಂತು.

"ಮಾರಾಯ್ರೆ, ನಿಮ್ಮ ದಮ್ಮಯ್ಯ, ನಡೆದುಕೊಂಡು ಬನ್ನಿ. ಹೋಟೆಲಿನಲ್ಲಿ ಎಂತ ಉಂಟು ಅಂತ ಕೇಳ್ತಾ ಇದ್ದಾರೆ ಜನ. ಇವತ್ತು ಒಬ್ಬರು ದೋಸೆಯನ್ನು ಮಗುಚಿ ಹಾಕಿ ನೋಡಿ ತಿಂದ್ರು."

ಒದ್ದೆ ಚಾಹುಡಿಯನ್ನು ಒಣಗಿಸಬೇಕಿತ್ತು. ವರ್ಷಕ್ಕೆ ನಾಲ್ಕು ಹನಿ ಮಳೆ ಬೀಳುವ ಈ ಊರಿನಲ್ಲಿ ಆ ವಾರವೇ ಮೋಡ ಕಟ್ಟಿ ಸುರಿಯಿತು. "ಒಳಗೇ ಹರಡಿ ರೀ, ಎ.ಸಿ.ಗೆ ಒಣಗುತ್ತೆ" ಎಂದು ಮ್ಯಾನೇಜರ್ ಮೀಟಿಂಗ್ ರೂಮು ಬಿಟ್ಟುಕೊಟ್ಟರು. ಪೇಪರ್ ಹಾಸಿ ಗೋಡೆಯಿಂದ ಗೋಡೆಗೆ ಹರಡಿದೆವು. ಅದರಲ್ಲಿ ಹಾಲು ಮತ್ತು ಸಕ್ಕರೆ ಇದೆಯೆಂಬುದು ನಮಗೆ ನೆನಪಾಗುವ ಮೊದಲು ಇರುವೆಗಳಿಗೆ ಗೊತ್ತಾಯಿತು.

ಹೀಗಿರುವಾಗ ಒಬ್ಬ ಗ್ರಾಹಕರು ಬಂದರು. ಅವರ ವಿಲ್ಲಾದಲ್ಲಿ ಇರುವೆ ಕಾಟ, ಅದಕ್ಕೇ ಬಂದವರು. ಯಾರೋ ಅವರನ್ನು ಮೀಟಿಂಗ್ ರೂಮಿಗೇ ಕರೆದುಕೊಂಡು ಹೋಗಿ ಕೂರಿಸಿದರು. ಮ್ಯಾನೇಜರ್ ಒಳಗೆ ಹೋಗುವಾಗ ಗ್ರಾಹಕರು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡು ಕೂತಿದ್ದರು. ಗೋಡೆಯ ಉದ್ದಕ್ಕೂ ಕರಿಯ ಸಾಲು.

"ಇದೇನು?" ಎಂದು ಕೇಳಿದರು.

ಮ್ಯಾನೇಜರ್ ಒಂದು ಕ್ಷಣವೂ ತಡಮಾಡಲಿಲ್ಲ. "ಡೆಮೊ ಸರ್. ನಿಮ್ಮ ಮುಂದೆಯೇ ಹೊಡೆದು ತೋರಿಸ್ತೀವಿ" ಅಂದರು.

ಡ್ರೈವರ್ ಔಷಧ ತಂದು ಹೊಡೆದ. ಗ್ರಾಹಕರು ತುಂಬಾ ಹೊತ್ತು ನೋಡಿದರು. ಇರುವೆಗಳು ದಾರಿ ಸ್ವಲ್ಪ ಬದಲಾಯಿಸಿದವು, ಅಷ್ಟೇ. ಹೋಗುವಾಗ ಗ್ರಾಹಕರು ಬಾಗಿಲಲ್ಲಿ ನಿಂತು, "ನಮ್ಮ ಮನೆಯಲ್ಲಿ ಇದಕ್ಕಿಂತ ಕಡಿಮೆ ಇವೆ" ಎಂದು ಸಮಾಧಾನಪಟ್ಟುಕೊಂಡು ಹೊರಟು ಹೋದರು.

ಆ ಚಾಹುಡಿಯನ್ನು ಬೋನಿಗೆ ಹಾಸಿದರೆ ನಾಯಿ ಅತ್ತ ಮುಖವನ್ನೂ ಹಾಕಲಿಲ್ಲ. ಅದೂ ಪಂಪ್ ರೂಮಿನ ಹಿಂದೆ ಹೋಯಿತು.

ಅತ್ತೆ ಕೊಟ್ಟ ದಿಂಬು

ಫೆಬ್ರವರಿ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಮಗಳು ಓದುತ್ತಾ ಕೂತಿದ್ದರೆ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಅವಳೇ ಕೇಳಿದಳು: "ಪಪ್ಪಾ, ಬಿ ಹಾನೆಸ್ಟ್. ನಾನು ಎಕ್ಸಾಮ್ ಇಲ್ಲೇ ಬರೀತೀನಾ?" "ಬರೀತೀಯ" ಅಂದೆ. ಮಾತಿನಲ್ಲಿ ಗಟ್ಟಿ ಇರಲಿಲ್ಲ, ಅದು ಅವಳಿಗೂ ಗೊತ್ತಾಯಿತು.

ಹೆಂಡತಿಯ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ನಾಯಿಯ ವಿಷಯವನ್ನು ಅವಳು ಅರ್ಧ ಮಾತ್ರ ನಂಬಿದ್ದಳು. ಜಿರಲೆ ಔಷಧದ ವಾಸನೆಯಲ್ಲಿ ಬರಬೇಕಾದ ಗಂಡ ಕೆಲವು ವಾರಗಳಿಂದ ಅತ್ತರಿನ ಅಂಗಡಿಯ ಹಾಗೆ ಘಮಘಮಿಸುತ್ತಾ ಬರುತ್ತಿದ್ದ. ತೋಟಕ್ಕೆ ಹೋದಾಗಲೆಲ್ಲ ಹಾಜಿ ಬೋನಿಗೆ ಬುಖೂರ್ ಹಾಕುತ್ತಾರೆ, ನನಗೂ ಹಾಕುತ್ತಾರೆ ಎಂದು ಹೇಳಿದ್ದೆ. "ಹೌದಾ" ಅಂದಿದ್ದಳು. ಆ "ಹೌದಾ" ಎಂಥದ್ದೆಂದು ಮದುವೆಯಾದವರಿಗೆ ಗೊತ್ತು. ಜೊತೆಗೆ ಅವಳ ಹಿಟ್ಟಿನ ಜರಡಿ ಕಾಣೆಯಾಗಿತ್ತು.

ಉಳಿದದ್ದು ಒಂದೇ ದಾರಿ ಎಂದು ನನಗೆ ತೋಚಿತು: ಬೂರುಗದ ಹತ್ತಿ. ಇಬ್ಬನಿಗೆ ಮುದ್ದೆಯಾಗದು, ಸದ್ದಾಗದು, ಬೇರೆ ವಾಸನೆ ಇಲ್ಲ. ಬಹ್ರೈನಿನಲ್ಲಿ ನನಗೆ ಗೊತ್ತಿದ್ದ ಬೂರುಗದ ಹತ್ತಿ ಒಂದೇ ಕಡೆ ಇತ್ತು. ನನ್ನ ಅತ್ತೆ ಕುಂದಾಪುರದಿಂದ ತಮ್ಮ ಮಗಳಿಗೆಂದು ಕಳಿಸಿದ ದಿಂಬಿನಲ್ಲಿ.

ಬೆಳಗಾಗುವ ಹೊತ್ತಿಗೆ ಮೆಲ್ಲಗೆ ಎದ್ದು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ತೆಗೆಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಎಲ್ಲಿಗೆ?"

"ಹಮದ್ ಟೌನಿಗೆ."

"ದಿಂಬು ತಕೊಂಡು?"

"ನಾಯಿಗೆ."

ಅವಳು ಕೂದಲು ಗಂಟು ಹಾಕಿಕೊಂಡಳು. ಚಪ್ಪಲಿ ಹಾಕಿಕೊಂಡು ಬಂದು ವ್ಯಾನಿನಲ್ಲಿ ನನ್ನ ಮತ್ತು ಡ್ರೈವರನ ನಡುವೆ ಕೂತಳು. ದಾರಿಯುದ್ದಕ್ಕೂ ಡ್ರೈವರ್ ರಸ್ತೆ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ತೋಟಕ್ಕೆ ಹೋದ ಮೇಲೆ ದಿಂಬು ಹರಿಯಲು ಬ್ಲೇಡು ತೆಗೆದೆ. "ಅಮ್ಮ ಕೊಟ್ಟದ್ದು, ಹರಿಯುವುದು ಬೇಡ. ಹಾಗೇ ಇಡಿ" ಅಂದಳು. ಹಾಗೇ ತಟ್ಟೆಯ ಮೇಲೆ ಇಟ್ಟು ವ್ಯಾನಿನೊಳಗೆ ಕಾದು ಕೂತೆವು. ಸೂರ್ಯ ಮೇಲೆ ಬರುತ್ತಿದ್ದಂತೆ ನಾಯಿ ಬಂತು. ಬೋನಿನ ಸುತ್ತ ಒಂದು ಸುತ್ತು ಹಾಕಿತು. ಬಾಗಿಲಲ್ಲಿ ನಿಂತು ಕುತ್ತಿಗೆ ಉದ್ದ ಮಾಡಿ ದಿಂಬನ್ನು ಮೂಸಿತು. ಆಮೇಲೆ ತಟ್ಟೆಗೆ ಕಾಲು ತಾಗಿಸದೆ, ದಿಂಬಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ನಿಧಾನವಾಗಿ ಹೊರಗೆ ಎಳೆದು, ಎತ್ತಿಕೊಂಡು ಹೋಯಿತು. ಮಾಂಸವನ್ನು ಮುಟ್ಟಲಿಲ್ಲ.

ಮಜ್ಲಿಸಿನ ಕಿಟಕಿಯಿಂದ ಹಾಜಿ ಎಲ್ಲವನ್ನೂ ನೋಡುತ್ತಿದ್ದರು. "ನಾಳೆ ಹೊದಿಕೆಯನ್ನೂ ತರುತ್ತೀಯಾ? ಚಳಿ ಇದೆ" ಎಂದು ಕೂಗಿ ಕೇಳಿದರು.

ಪಂಪ್ ರೂಮಿನ ಹಿಂದೆ

ನನ್ನ ಹೆಂಡತಿ ವ್ಯಾನಿನಿಂದ ಇಳಿದಳು. ಅವಳಿಗೆ ನಾಯಿ ಬೇಕಾಗಿರಲಿಲ್ಲ, ದಿಂಬು ಬೇಕಾಗಿತ್ತು.

"ತಿನ್ನುವುದನ್ನು ಬಿಟ್ಟು ದಿಂಬು ಹೊತ್ತುಕೊಂಡು ಹೋಗ್ತದೆ ಅಂದ್ರೆ ಅದು ಎಲ್ಲಿಯೋ ಸಂಸಾರ ಹೂಡಿದೆ. ಇಷ್ಟು ದಿನ ನೀವು ಬೋನು ನೋಡಿದ್ದೇ ಬಂತು" ಎಂದು ಹೇಳಿ ನೆಲ ನೋಡುತ್ತಾ ನಡೆದಳು. ದಿಂಬಿನ ಮೂಲೆ ಹರಿದಿತ್ತು. ಅಲ್ಲೊಂದು ಇಲ್ಲೊಂದು ಹತ್ತಿಯ ಎಳೆ. ಅವಳ ಹಿಂದೆ ನಾನು, ನನ್ನ ಹಿಂದೆ ಡ್ರೈವರ್, ಅವನ ಹಿಂದೆ ನಮ್ಮ ಮೂವರ ಮೇಲೂ ಕಣ್ಣಿಟ್ಟು ಹಾಜಿ. ಹತ್ತಿಯ ಎಳೆಗಳು ಪಂಪ್ ರೂಮನ್ನು ಸುತ್ತಿ ಹಿಂದಕ್ಕೆ ಹೋದವು.

ಅಲ್ಲಿ ಎರಡು ತಿಂಗಳಿಂದ ನಾವು ಸುರಿದದ್ದೆಲ್ಲ ಒಂದೇ ರಾಶಿಯಾಗಿತ್ತು. ಕೆಳಗೆ ಜರಡಿ ಹಿಡಿದ ಮರಳು. ಅದರ ಮೇಲೆ ಮರದ ಹುಡಿ. ಅದರ ಮೇಲೆ ಒಣಗಿದ ಚಾಹುಡಿ. ನಡುವೆ ಚೆನ್ನಾಗಿ ಕೆದಕಿ ಮಾಡಿದ ದುಂಡನೆಯ ಗುಂಡಿ. ಗುಂಡಿಯಲ್ಲಿ ಅತ್ತೆ ಕೊಟ್ಟ ದಿಂಬು. ದಿಂಬಿನ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು, ಇನ್ನೂ ಕಣ್ಣು ಬಿಡದ ನಾಯಿಮರಿಗಳು. ಸುತ್ತಲೂ ಬಾತುಗಳ ರೆಕ್ಕೆಪುಕ್ಕ. ನಮ್ಮನ್ನು ಕಂಡು ತಾಯಿ ಸ್ವಲ್ಪ ದೂರಕ್ಕೆ ಹೋಗಿ ಗುರುಗುಟ್ಟುತ್ತಾ ನಿಂತಿತು. ಇಡೀ ಜಾಗ ಬುಖೂರಿನ ಪರಿಮಳ.

ಹಾಜಿ ರಾಶಿಯ ಸುತ್ತ ಒಂದು ಸುತ್ತು ಬಂದರು.

"ಮರಳು ನಿನ್ನದು. ಹುಡಿ ನಿನ್ನದು. ಚಾ ನಿನ್ನದು. ದಿಂಬು ನಿನ್ನ ಹೆಂಡತಿಯದು. ನಾಯಿ ಮಾತ್ರ ನಿನ್ನದಲ್ಲ ಅನ್ನುತ್ತೀಯ."

ಮಗಳ ಪರೀಕ್ಷೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿ, ಮರಿಗಳಿದ್ದ ದಿಂಬನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿದಳು. ಡ್ರೈವರ್ ಕೋಲು ಹಿಡಿದು ತಾಯಿಯನ್ನು ತಡೆದು ನಿಂತ. ಅವಳು ನಡೆದು ಹೋಗಿ ದಿಂಬನ್ನು ಮಾಂಸ ಇಡುವ ಹಿಂಬಾಗಿಲಿನಿಂದ ಬೋನಿನ ಆಚೆ ತುದಿಯಲ್ಲಿ ಇಟ್ಟಳು. ಇನ್ನೇನಾದರೂ ಹಾಸಬೇಕೇ ಎಂದು ನಾನು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ.

ನಾವು ಹತ್ತು ಹೆಜ್ಜೆ ಹಿಂದೆ ಸರಿದೆವು ಅಷ್ಟೇ. ಎರಡು ತಿಂಗಳು ನಮ್ಮನ್ನು ಕುಣಿಸಿದ ನಾಯಿ, ಮರಳಿಗೆ ಒಂದು ಪರೀಕ್ಷೆ, ಹುಡಿಗೆ ಒಂದು ಪರೀಕ್ಷೆ ಮಾಡಿದ ನಾಯಿ, ಬರೀ ಕಬ್ಬಿಣದ ಮೇಲೆ ಟಕಟಕ ನಡೆದು ಹೋಗಿ ತಟ್ಟೆಯನ್ನು ಮೆಟ್ಟಿತು. ಬಾಗಿಲು ಬಿತ್ತು. ಅದು ತಿರುಗಿಯೂ ನೋಡಲಿಲ್ಲ. ಮರಿಗಳನ್ನು ನೆಕ್ಕುತ್ತಾ ಮಲಗಿತು. ನನಗೆ ಗೆದ್ದೆ ಅನ್ನಿಸಲಿಲ್ಲ.

ಹಾಜಿ ನಿಟ್ಟುಸಿರು ಬಿಟ್ಟರು. "ಅಂದರೆ ಈ ಉಪಾಯ ನಿನಗೆ ಮೊದಲೇ ಗೊತ್ತಿತ್ತು."

ತಾಯಿಯನ್ನೂ ಮರಿಗಳನ್ನೂ ಬೀದಿನಾಯಿಗಳನ್ನು ಸಾಕುವವರ ಆಶ್ರಯಕ್ಕೆ ಕೊಟ್ಟೆವು. ದಿಂಬೂ ಜೊತೆಗೆ ಹೋಯಿತು, ಹೆಂಡತಿಯೇ ಬಿಟ್ಟುಕೊಟ್ಟಳು. ದೊಡ್ಡದಾದ ಮೇಲೆ ಒಂದು ಮರಿಯನ್ನು ತನಗೇ ವಾಪಸು ಕೊಡಬೇಕೆಂದು ಹಾಜಿ ಹೇಳಿ ಇಟ್ಟರು. ಯಾಕೆಂದು ಕೇಳಿದೆ. "ಸಾಕ್ಷಿಗೆ" ಅಂದರು.

ಮರುದಿನ ನನಗೆ ಸೀಫ್ ಆಫೀಸಿನಿಂದ ಕರೆ. ಹೋದರೆ ಮ್ಯಾನೇಜರರ ಎದುರು ಹಾಜಿ ಕೂತಿದ್ದರು.

"ಇವನನ್ನು ಊರಿಗೆ ಕಳಿಸುತ್ತೀರಂತೆ?" ಎಂದು ಹಾಜಿ ಕೇಳಿದರು.

ಮ್ಯಾನೇಜರ್ ಗಾಬರಿಯಾಗಿ, "ನಿಮಗೆ ಬೇಜಾರಾಗಿದ್ರೆ ಇವತ್ತೇ ಕಳಿಸ್ತೀವಿ ಹಾಜಿ" ಅಂದರು.

"ಕಳಿಸಬೇಡಿ. ನಾಯಿ ಸಾಕಿ, ಮರಿ ಹಾಕಿಸಿ, ಆಮೇಲೆ ತಾನೇ ಹಿಡಿದು ಕೊಡುವ ಮನುಷ್ಯ ಇವನು. ಬಿಟ್ಟರೆ ಇನ್ನೊಬ್ಬರ ತೋಟದಲ್ಲಿ ಶುರು ಮಾಡುತ್ತಾನೆ. ನನ್ನ ಕಣ್ಣೆದುರಿಗೇ ಇರಲಿ."

ಹೀಗೆ ಹೇಳಿ ಪೆನ್ನು ತೆಗೆದು ಕಾಂಟ್ರಾಕ್ಟಿಗೆ ಸಹಿ ಹಾಕಿದರು. ಮಗಳು ಈಸಾ ಟೌನಿನಲ್ಲೇ ಪರೀಕ್ಷೆ ಬರೆದಳು, ಚೆನ್ನಾಗಿಯೇ ಪಾಸಾದಳು.

ಮುಂದಿನ ವರ್ಷ ಸಹಿಯ ಸಮಯಕ್ಕೆ ತೋಟಕ್ಕೆ ಹೋದೆ. ಸಾಕ್ಷಿ ದೊಡ್ಡದಾಗಿ ಬೆಳೆದು ಬಾತುಗಳನ್ನು ಕಾಯುತ್ತಿತ್ತು. ಬಂದವರನ್ನೆಲ್ಲ ಹರಿದು ತಿನ್ನುವ ಹಾಗೆ ಬೊಗಳುತ್ತದೆ, ಹಾಜಿಯ ಸ್ವಂತ ಅಳಿಯನನ್ನೂ ಬಿಡುವುದಿಲ್ಲ ಎಂದು ಕೇಳಿದ್ದೆ. ಹೆದರುತ್ತಲೇ ಗೇಟು ತೆಗೆದೆ. ನಾಯಿ ಓಡಿ ಬಂತು, ನನ್ನ ಕಾಲು ಮೂಸಿತು, ಬೊಗಳದೆ ಬಾಲ ಅಲ್ಲಾಡಿಸುತ್ತಾ ಪಾದದ ಮೇಲೆ ಮಲಗಿಬಿಟ್ಟಿತು.

ಹಾಜಿ ಮಜ್ಲಿಸಿನ ಬಾಗಿಲಲ್ಲಿ ನಿಂತು ನೋಡಿದರು. ಎಲ್ಲ ಮೊದಲೇ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು. ಒಳಗಿಂದ ಪೆನ್ನು ತರಿಸಿದರು.